ಕೂಲಿಯ ಕಾಲಂ ಇಲ್ಲದ ಚೀಟಿ

1991ರ ಜನಗಣತಿ ಆ ವರ್ಷದ ಫೆಬ್ರುವರಿ 9ರಿಂದ 28ರವರೆಗೆ ನಡೆಯಿತು. ಆಗ ನಾನು ಗುತ್ತಲದಲ್ಲಿ ಪ್ರೌಢಶಾಲಾ ಶಿಕ್ಷಕ. ಊರಿನ ಒಂದು ಓಣಿಯ ಗಣತಿ ನನ್ನ ಪಾಲಿಗೆ ಬಂದಿತ್ತು. ಮುಂಜಾನೆ ಪಾಠ, ಸಂಜೆ ಗಣತಿ. ಹೆಗಲಿನಲ್ಲೊಂದು ಬಟ್ಟೆಯ ಚೀಲ, ಅದರೊಳಗೆ ವ್ಯಕ್ತಿಗತ ಚೀಟಿಗಳ ಕಟ್ಟು, ಸೂಚನೆಗಳ ಕೈಪಿಡಿ, ಎರಡು ಪೆನ್ನು.

ಅದು ಮೆಣಸಿನಕಾಯಿಯ ಸುಗ್ಗಿಯ ಕಾಲ. ಓಣಿಯನ್ನು ಹೊಕ್ಕರೆ ಘಾಟಿಗೆ ಸೀನು ತಡೆಯಲಾಗುತ್ತಿರಲಿಲ್ಲ. ಒಂದು ಮನೆಯಲ್ಲಿ ಯಜಮಾನನೇ ಕಟ್ಟೆಯ ಮೇಲೆ ಕುಳಿತು ಎಲ್ಲರ ಪರವಾಗಿ ಉತ್ತರ ಕೊಡುತ್ತಿದ್ದ. ಹೆಂಡತಿಯ ಚೀಟಿ ಬಂದಾಗ, "ಅಕಿ ಏನ್ ಮಾಡ್ತಾಳ್ರಿ ಸರ, ಮನ್ಯಾಗ ಇರ್ತಾಳ" ಎಂದ. ನಾನು ಹಾಗೆಯೇ ಬರೆದುಬಿಡುವವನಿದ್ದೆ. ಆದರೆ ಆ ಸಲದ ಚೀಟಿಯಲ್ಲಿ ದುಡಿಮೆಯ ಪ್ರಶ್ನೆಯ ಜೊತೆಗೆ ಹೊಸ ಮಾತೊಂದನ್ನು ಸೇರಿಸಿದ್ದರು: ಹೊಲದಲ್ಲಿ ಅಥವಾ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವನ್ನೂ ಸೇರಿಸಿ ಕೇಳಬೇಕು ಎಂದು. ಹೆಂಗಸರ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತಿದೆ ಎಂಬ ಟೀಕೆಯಿಂದ ಬಂದ ತಿದ್ದುಪಡಿ ಅದು. ತರಬೇತಿಯಲ್ಲಿ ಅದನ್ನು ಒತ್ತಿ ಹೇಳಿದ್ದರು. ಮತ್ತೊಮ್ಮೆ ಕೇಳಿದೆ. ಆತ ಬಾಯಿ ತೆರೆಯುವ ಮೊದಲೇ ಪಡಸಾಲೆಯೊಳಗಿನಿಂದ ಆಕೆಯೇ ಮಾತನಾಡಿದಳು. ಸುತ್ತ ಕೆಂಪು ರಾಶಿ, ನಡುವೆ ಆಕೆ; ಕೈ ಮಾತ್ರ ನಿಲ್ಲಲಿಲ್ಲ.

"ಮಾಸ್ತರ, ನಾಕು ತಿಂಗಳ ಬರೇ ತುಂಬು ಬಿಡಸೂದ ಐತ್ರಿ. ಎಷ್ಟು ತಾಸು ದುಡಿತೀನಿ, ಎಷ್ಟು ರೊಕ್ಕ ಬರತೈತಿ, ಅದನ್ನೂ ಬರಕೊಳ್ರಿ."

"ಅದಕ್ಕ ಕಾಲಂ ಇಲ್ಲವ್ವ."

"ಇಷ್ಟು ಉದ್ದನ್ನ ಹಾಳಿಯೊಳಗ ಅದಕ್ಕೊಂದು ಜಾಗಾ ಇಲ್ಲೇನ್ರಿ?"

ತುಂಬು ಎಂದರೆ ಮೆಣಸಿನಕಾಯಿಯ ತೊಟ್ಟು. ಬ್ಯಾಡಗಿ ಪೇಟೆಯ ಸುತ್ತಮುತ್ತ ಸುಗ್ಗಿಯಲ್ಲಿ ಹೆಂಗಸರಿಗೆ ಸಿಗುವ ದೊಡ್ಡ ಕೆಲಸ ಅದನ್ನು ಬಿಡಿಸುವುದು. ಕೂಲಿ ದಿನಕ್ಕಲ್ಲ, ತೂಕಕ್ಕೆ. ವರ್ಷದಲ್ಲಿ 183 ದಿನ ದುಡಿಯದವರನ್ನು ಮುಖ್ಯ ದುಡಿಮೆಗಾರರೆಂದು ಬರೆಯಬಾರದೆಂಬುದು ನಿಯಮ. ಹೀಗಾಗಿ ಆಕೆಯನ್ನು ಅಲ್ಪಕಾಲಿಕ ದುಡಿಮೆಗಾರಳೆಂದು ಬರೆದು ಎದ್ದುಬಂದೆ. (ಜನಗಣತಿಯ ಮಾಹಿತಿ ಗೋಪ್ಯವೆಂದು 1948ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಹೆಸರು, ಓಣಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ.) ಆದರೆ ಆಕೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿವೃತ್ತಿಯ ನಂತರ ಓದಲು ಸಮಯ ಸಿಕ್ಕಾಗ, ಆ ಕಾಲಂ ಎಲ್ಲಿ ಹೋಯಿತೆಂದು ಹುಡುಕುತ್ತಾ ಹೋದೆ. ಆ ಹುಡುಕಾಟ ನಮ್ಮ ಮುಂಬಯಿ ಪ್ರಾಂತದ ಕಾಲದಿಂದ ಆರಂಭಿಸಿ ಜಿನೀವಾದವರೆಗೆ ಕರೆದೊಯ್ದಿತು. ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು.

ಇತಿಹಾಸದ ಮೇಷ್ಟರಿಗೆ ನಮ್ಮೂರು ಒಂದು ಭಾಗ್ಯ. ಗುತ್ತವೊಳಲು ಎಂದು ಶಾಸನಗಳಲ್ಲಿ ಕಾಣುವ ಇದೇ ಗುತ್ತಲದಿಂದ ಗುತ್ತರು ಆಳಿದರು. ಅವರ ಶಾಸನಗಳು ಹತ್ತಿರದ ಚೌಡದಾನಪುರದ ಮುಕ್ತೇಶ್ವರ ದೇವಾಲಯದಲ್ಲಿವೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗಲೆಲ್ಲ ದತ್ತಿಯ ಭೂಮಿ, ಅದರ ಅಳತೆ, ಅದರ ಗಡಿ ಎಂದು ವಿವರಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗ "ಈ ಕಲ್ಲು ಕೆತ್ತಿದಾಂವಗ ದಿನಕ್ಕ ಎಷ್ಟು ಕೊಟ್ಟರ್ರಿ ಸರ?" ಎಂದು ಕೇಳಿ ನನ್ನ ಬಾಯಿ ಕಟ್ಟಿಸಿದ. ಕೊಡುವವನ ಲೆಕ್ಕ ಕಲ್ಲಿನ ಮೇಲೆ ನಿಲ್ಲುತ್ತದೆ, ದುಡಿಯುವವನ ಲೆಕ್ಕ ಗಾಳಿಗೆ ಹೋಗುತ್ತದೆ. ಅರಸರ ಕಾಲಕ್ಕೆ ಅದು ಸಹಜ. ಸರ್ಕಾರದ ಕಾಲದಲ್ಲಿ ಏನಾಯಿತು ಎಂಬುದೇ ಇಲ್ಲಿಯ ವಿಷಯ.

ಗುತ್ತಲ ಈಗ ಹಾವೇರಿ ಜಿಲ್ಲೆಯಲ್ಲಿದೆ. 1997ಕ್ಕೆ ಮೊದಲು ಅದು ಧಾರವಾಡ ಜಿಲ್ಲೆ, 1956ಕ್ಕೆ ಮೊದಲು ಮುಂಬಯಿ. ಆಂಗ್ಲ ಸರ್ಕಾರಕ್ಕೆ ಬರೆದಿಡುವ ಚಟವಿತ್ತು. 1884ರಲ್ಲಿ ಹೊರಬಂದ ಧಾರವಾಡದ ಗೆಜೆಟಿಯರ್‌ನಲ್ಲಿ ಬೆಳೆ, ಬಡ್ಡಿ, ಧಾರಣೆಗಳ ಜೊತೆಗೆ ಕೂಲಿಯ ದರಕ್ಕೂ ಜಾಗವಿತ್ತು. ಆದರೆ ಅದು ಅಧಿಕಾರಿಗೆ ಊರಿನ ಹಿರಿಯರು ಹೇಳಿದ ದರ. ಕೂಲಿಯವನ ಕೈಗೆ ಬಿದ್ದ ಹಣವಲ್ಲ. ಈ ಎರಡರ ನಡುವಿನ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬರುವುದೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿತು. ಅದರ ಮೊದಲ ಸಮ್ಮೇಳನ ವಾಷಿಂಗ್ಟನ್ನಿನಲ್ಲಿ. ಭಾರತದ ಕಾರ್ಮಿಕರ ಪರವಾಗಿ ಹೋದವರು ಎನ್. ಎಂ. ಜೋಶಿ. ಅಲ್ಲಿ ಸ್ವೀಕರಿಸಿದ ಮೊಟ್ಟಮೊದಲ ಒಡಂಬಡಿಕೆಯೇ ದುಡಿಮೆಯ ತಾಸುಗಳ ಕುರಿತಾದದ್ದು: ದಿನಕ್ಕೆ 8, ವಾರಕ್ಕೆ 48. ಆದರೆ ಬ್ರಿಟಿಷ್ ಇಂಡಿಯಾಕ್ಕೆಂದೇ 10ನೆಯ ವಿಧಿಯನ್ನು ಪ್ರತ್ಯೇಕವಾಗಿ ಬರೆದು, ವಾರಕ್ಕೆ 60 ತಾಸು ಎಂದು ರಿಯಾಯಿತಿ ಕೊಟ್ಟರು. ಭಾರತ 1921ರಲ್ಲಿ ಅದನ್ನು ಅನುಮೋದಿಸಿತು. 1922ರ ಕಾರ್ಖಾನೆ ಕಾಯ್ದೆ ದಿನಕ್ಕೆ 11, ವಾರಕ್ಕೆ 60 ತಾಸು ಎಂದು ನಿಗದಿ ಮಾಡಿತು. 1934ರ ಕಾಯ್ದೆ ಇದನ್ನು 10 ಮತ್ತು 54ಕ್ಕೆ ಇಳಿಸಿತಾದರೂ ಹಂಗಾಮಿನ ಕಾರ್ಖಾನೆಗಳನ್ನು ಹಳೆಯ 11 ಮತ್ತು 60ರಲ್ಲಿಯೇ ಉಳಿಸಿತು. ಹಂಗಾಮಿನ ಕಾರ್ಖಾನೆ ಎಂದರೆ ಯಾವುದು? ಹತ್ತಿಯ ಜಿನ್ನು, ಅರಳೆಯ ಪ್ರೆಸ್ಸು, ಶೇಂಗಾ ಸುಲಿಯುವ ಕಾರ್ಖಾನೆ ಇತ್ಯಾದಿ. ನಮ್ಮ ರಾಣೆಬೆನ್ನೂರು, ಹಾವೇರಿ ಕಡೆಯ ಮಂದಿಗೆ ಕಾರ್ಖಾನೆ ಎಂದರೆ ಬಹುಮಟ್ಟಿಗೆ ಇವೇ! ಮುಂಬಯಿಯ ಗಿರಣಿ ಕಾರ್ಮಿಕನಿಗೆ ಸಿಕ್ಕ ಆರು ತಾಸಿನ ಬಿಡುವು ನಮ್ಮ ಜಿನ್ನಿನ ಹೆಣ್ಣುಮಗಳಿಗೆ ಸಿಗಲಿಲ್ಲ. 1946ರ ತಿದ್ದುಪಡಿಯಲ್ಲಿ ಅವಳ ತಾಸುಗಳೂ ಇಳಿದವು. 1948ರ ಕಾಯ್ದೆ ಬಂದ ಮೇಲೆಯೇ ಎಲ್ಲರಿಗೂ ಒಂದೇ 48.

ಇವೆಲ್ಲ ಕಾಗದದ ತಾಸುಗಳು. ನಿಜಕ್ಕೂ ಎಷ್ಟು ತಾಸು ದುಡಿಸಿದರೆಂದು ತಿಳಿಯಬೇಕಾದರೆ ಎಣಿಸಬೇಕು. ಆ ಕೆಲಸಕ್ಕೆ ಮೊದಲು ಕೈಹಾಕಿದ್ದು ನಮ್ಮ ಮುಂಬಯಿ ಪ್ರಾಂತವೇ ಎಂಬುದು ನನಗೆ ಹೆಮ್ಮೆಯ ಸಂಗತಿ. 1921ರಲ್ಲಿ ಅಲ್ಲಿ ಲೇಬರ್ ಆಫೀಸು ಸ್ಥಾಪನೆಯಾಯಿತು. ಅದೇ ವರ್ಷ ಸೆಪ್ಟೆಂಬರಿನಿಂದ 'ಲೇಬರ್ ಗೆಜೆಟ್' ಎಂಬ ಮಾಸಿಕ ಹೊರಡತೊಡಗಿತು. ಜಿ. ಫಿಂಡ್ಲೆ ಶಿರ್‍ರಾಸ್ ಎಂಬ ಅಧಿಕಾರಿ ಹತ್ತಿ ಗಿರಣಿಗಳ ಕೂಲಿ ಮತ್ತು ತಾಸುಗಳ ವಿಚಾರಣೆ ನಡೆಸಿ, 1924ರಲ್ಲಿ ಪ್ರಾಂತದ ಕೃಷಿ ಕೂಲಿಯ ಬಗ್ಗೆಯೂ ವರದಿ ಪ್ರಕಟಿಸಿದರು. ಆದರೂ 1929ರಲ್ಲಿ ನೇಮಕವಾದ ವಿಟ್ಲೆ ಆಯೋಗ ದೇಶ ಸುತ್ತಿ 1931ರಲ್ಲಿ ವರದಿ ಕೊಟ್ಟಾಗ, ಕಾರ್ಮಿಕರ ಬಗ್ಗೆ ನಂಬಬಹುದಾದ ಅಂಕಿಗಳ ಕೊರತೆಯನ್ನು ಎತ್ತಿ ತೋರಿಸಿ, ಅವನ್ನು ಕಡ್ಡಾಯವಾಗಿ ಪಡೆಯಲು ಕಾನೂನು ಬೇಕೆಂದು ಶಿಫಾರಸು ಮಾಡಿತು. ಆ ಕಾನೂನು ಬರಲು 1942 ಆಯಿತು. ನಮ್ಮಲ್ಲಿ ಶಿಫಾರಸಿಗೂ ಕಾಯ್ದೆಗೂ ನಡುವೆ ಒಂದು ತಲೆಮಾರಿನ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿರುತ್ತಾರೆ.

ಈ ನಡುವೆ, 1938ರ ಜೂನಿನಲ್ಲಿ, ಜಿನೀವಾದಲ್ಲಿ 63ನೆಯ ಒಡಂಬಡಿಕೆ ಸಿದ್ಧವಾಯಿತು. ಅದರ ವಿಷಯ ಕೂಲಿ ಮತ್ತು ದುಡಿಮೆಯ ತಾಸುಗಳ ಅಂಕಿಅಂಶ. ನಾನು ಓದಿದ ಸರ್ಕಾರಿ ಪಠ್ಯಗಳಲ್ಲಿ ಇಷ್ಟು ಸೂಕ್ಷ್ಮವಾದದ್ದು ಕಡಿಮೆ. ಗಣಿ ಮತ್ತು ಕಾರ್ಖಾನೆಗಳ ವಿಷಯದಲ್ಲಿ ಅದು ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಕೇಳಿತು. ಒಂದು, ನಿಗದಿಯಾದ ಕೂಲಿಯ ದರ ಮತ್ತು ನಿಗದಿಯಾದ ತಾಸು. ಇನ್ನೊಂದು, ನಿಜವಾಗಿ ಸರಾಸರಿ ಕೈಗೆ ಬಂದ ಗಳಿಕೆ ಮತ್ತು ನಿಜವಾಗಿ ದುಡಿದ ತಾಸು. ಅದರ ಜೊತೆಗೆ ಬೇಸಾಯದ ಕೂಲಿಗೂ ಪ್ರತ್ಯೇಕ ಭಾಗವಿತ್ತು. ಹೊರಿಸಿಕೊಳ್ಳಲಾಗದ ದೇಶಗಳು ಕೆಲವು ಭಾಗಗಳನ್ನು ಬಿಟ್ಟು ಉಳಿದವನ್ನು ಒಪ್ಪಿಕೊಳ್ಳುವ ಅನುಕೂಲವನ್ನೂ ಇಟ್ಟಿದ್ದರು. ಭಾರತ ಅದನ್ನು ಅನುಮೋದಿಸಲಿಲ್ಲ. ಆಂಗ್ಲರ ಕಾಲದಲ್ಲೂ ಇಲ್ಲ, ನಂತರವೂ ಇಲ್ಲ.

ಹಾಗೆಂದು ಸ್ವತಂತ್ರ ಭಾರತ ಕೈಕಟ್ಟಿ ಕೂತಿತೆಂದರೆ ಅನ್ಯಾಯವಾದೀತು. 1946ರ ಅಕ್ಟೋಬರ್ 1ರಂದು ಸಿಮ್ಲಾದಲ್ಲಿ ಲೇಬರ್ ಬ್ಯೂರೊ ಆರಂಭವಾಗಿತ್ತು. 1950–51ರಲ್ಲಿ ದೇಶದ 812 ಹಳ್ಳಿಗಳಲ್ಲಿ ಮೊದಲ ಕೃಷಿ ಕಾರ್ಮಿಕ ವಿಚಾರಣೆ ನಡೆಯಿತು. ಬಿಡಿಗೂಲಿಯ ಗಂಡಾಳಿನ ಸರಾಸರಿ ದಿನಗೂಲಿ ಹದಿನೇಳೂವರೆ ಆಣೆ, ಹೆಣ್ಣಾಳಿನದು 10.8 ಆಣೆ ಎಂದು ಅದು ಕಂಡುಕೊಂಡಿತು. ಆರು ವರ್ಷದ ನಂತರ, 1956–57ರಲ್ಲಿ, ಎರಡನೆಯ ವಿಚಾರಣೆ. ಹೊಸ ಪೈಸೆಯ ಲೆಕ್ಕದಲ್ಲಿ ಗಂಡಾಳಿನ ಕೂಲಿ 109ರಿಂದ 96ಕ್ಕೆ, ಹೆಣ್ಣಾಳಿನದು 68ರಿಂದ 59ಕ್ಕೆ ಇಳಿದಿತ್ತು! ಮೊದಲ ಪಂಚವಾರ್ಷಿಕ ಯೋಜನೆ ಮುಗಿದ ಕಾಲದಲ್ಲಿ ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಬಡವ ಇನ್ನಷ್ಟು ಬಡವನಾದನೇ?

ವಿದ್ವಾಂಸರು ಕೆದಕಿ ನೋಡಿದರೆ ಅಳತೆಯ ಕೋಲೇ ಬದಲಾಗಿತ್ತು. ಮೊದಲ ಸಲ ದುಡಿದ ದಿನಗಳನ್ನು ನೋಡಿ ಕೃಷಿ ಕಾರ್ಮಿಕ ಕುಟುಂಬವೆಂದು ಗುರುತಿಸಿದ್ದರು. ಎರಡನೆಯ ಸಲ ಆದಾಯವನ್ನು ನೋಡಿ. ಕಾಳಿನ ರೂಪದ ಕೂಲಿಗೆ ಮೊದಲ ಸಲ ಚಿಲ್ಲರೆ ಧಾರಣೆ ಕಟ್ಟಿದ್ದರು. ಎರಡನೆಯ ಸಲ ಸಗಟು ಧಾರಣೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಸಂಜೆ ಆಳುಗಳಿಗೆ ಜೋಳ ಅಳೆದು ಕೊಡುತ್ತಿದ್ದರು. ಸೇರನ್ನು ತುಂಬಿ ಮೇಲೆ ಗೋಪುರದಂತೆ ಏರಿಸಿ ಅಳೆಯುವುದು ಒಂದು ರೀತಿ, ಅಂಗೈಯಿಂದ ಸಮ ಮಾಡಿ ಅಳೆಯುವುದು ಇನ್ನೊಂದು ರೀತಿ. ಅಜ್ಜಿ ಅಳೆದರೆ ಗೋಪುರ, ನಮ್ಮ ಕಾಕಾ ಅಳೆದರೆ ಸಮ. ಸೇರು ಅದೇ, ಜೋಳವೂ ಅದೇ. ಆಳಿನ ಮನೆಯ ರೊಟ್ಟಿಯ ಎಣಿಕೆ ಮಾತ್ರ ಬೇರೆ. ದೆಹಲಿಯ ವಿಚಾರಣೆಯಲ್ಲೂ ಒಂದು ಸಲ ಅಜ್ಜಿ, ಇನ್ನೊಂದು ಸಲ ಕಾಕಾ ಅಳೆದಂತಾಯಿತು. ಕೂಲಿ ನಿಜಕ್ಕೂ ಇಳಿದಿದ್ದರೆ ಎಷ್ಟು ಇಳಿದಿತ್ತು ಎಂದು ಖಚಿತವಾಗಿ ಹೇಳುವ ದಾರಿಯೇ ಮುಚ್ಚಿಹೋಯಿತು. ಅಳತೆಗೆ ಎಲ್ಲರೂ ಒಪ್ಪಿದ ಒಂದು ಪದ್ಧತಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಇದೊಂದು ಉದಾಹರಣೆಯನ್ನು ಕೊಡುತ್ತೇನೆ.

ತಾಸಿನ ಕಥೆ ಇದಕ್ಕಿಂತ ವಿಚಿತ್ರ. 1972–73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 27ನೆಯ ಸುತ್ತಿನಿಂದ ಉದ್ಯೋಗದ ಸಮೀಕ್ಷೆಗೆ ಒಂದು ಪದ್ಧತಿ ಬಂತು. ವಾರದ ಪ್ರತಿಯೊಂದು ದಿನವನ್ನೂ ಎರಡು ಅರ್ಧದಿನಗಳೆಂದು ಭಾವಿಸುವುದು. ಒಂದು ತಾಸು ಅಥವಾ ಅದಕ್ಕಿಂತ ಹೆಚ್ಚು, ಆದರೆ ನಾಲ್ಕು ತಾಸಿಗಿಂತ ಕಡಿಮೆ ದುಡಿದರೆ ಅರ್ಧ ದಿನ. ನಾಲ್ಕು ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿದರೆ ಪೂರ್ಣ ದಿನ. ನಿರುದ್ಯೋಗವನ್ನು ಅಳೆಯಲು ಇದು ಒಳ್ಳೆಯ ಉಪಾಯವೇ; ಕೆಲಸ ಸಿಗದ ದಿನಗಳು ಚೆನ್ನಾಗಿ ಕಾಣುತ್ತವೆ. ಆದರೆ ಅತಿಯಾದ ದುಡಿಮೆ ಇದರಲ್ಲಿ ಕಾಣುವುದೇ ಇಲ್ಲ. ಲೆಕ್ಕಕ್ಕಾಗಿ ಇಬ್ಬರು ಹೆಂಗಸರನ್ನು ತೆಗೆದುಕೊಳ್ಳಿ. ಇಬ್ಬರಿಗೂ ದಿನಕ್ಕೆ 110 ರೂಪಾಯಿ ಬಂತೆನ್ನೋಣ. ಒಬ್ಬಳು 5 ತಾಸು ದುಡಿದಳು, ಇನ್ನೊಬ್ಬಳು 11 ತಾಸು. ಮೊದಲನೆಯವಳಿಗೆ ತಾಸಿಗೆ 22 ರೂಪಾಯಿ, ಎರಡನೆಯವಳಿಗೆ 10. ಕೋಷ್ಟಕದಲ್ಲಿ ಇಬ್ಬರದೂ ಒಂದೊಂದು ಪೂರ್ಣ ದಿನ, ಇಬ್ಬರದೂ 110 ರೂಪಾಯಿ. ತೂಕಕ್ಕೆ ಕೂಲಿ ಪಡೆಯುವವಳ ಪಕ್ಕದಲ್ಲಿ ಮಕ್ಕಳೂ ಕುಳಿತು ಕೈಜೋಡಿಸಿದರೆ ಆ ತಾಸುಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹಣ ಮಾತ್ರ ತಾಯಿಯ ಗಳಿಕೆಗೆ ಸೇರಿ ಅವಳನ್ನು ತುಸು ಸ್ಥಿತಿವಂತಳಂತೆ ತೋರಿಸುತ್ತದೆ.

1985ರ ಜೂನಿನಲ್ಲಿ ಜಿನೀವಾ ತನ್ನ ಹಳೆಯ 63ನೆಯ ಒಡಂಬಡಿಕೆಯನ್ನು ಪರಿಷ್ಕರಿಸಿ 160ನೆಯದನ್ನು ತಂದಿತು. ಹಳೆಯದು ಅನೇಕ ದೇಶಗಳಿಗೆ ಬಿಗಿಯಾಗಿತ್ತು, ಹೊಸದರಲ್ಲಿ ಸಡಿಲಿಸಿದರು. 7ರಿಂದ 15ರವರೆಗೆ ಒಂಬತ್ತು ವಿಧಿಗಳು, ಒಂದೊಂದಕ್ಕೂ ಒಂದೊಂದು ವಿಷಯ: ಉದ್ಯೋಗ–ನಿರುದ್ಯೋಗ, ದುಡಿಯುವ ಜನರ ರಚನೆ, ಗಳಿಕೆ ಮತ್ತು ತಾಸು, ಬೆಲೆ ಸೂಚ್ಯಂಕ, ಅಪಘಾತ, ಮುಷ್ಕರ ಹೀಗೆ. ಸಹಿ ಮಾಡುವ ದೇಶ ಇವುಗಳಲ್ಲಿ ಕನಿಷ್ಠ ಒಂದನ್ನಾದರೂ ಒಪ್ಪಿಕೊಂಡರೆ ಸಾಕು. ನಮ್ಮ ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, "ಕೆಳಗಿನ ಒಂಬತ್ತು ಪ್ರಶ್ನೆಗಳಲ್ಲಿ ಬೇಕಾದ ಒಂದಕ್ಕಾದರೂ ಉತ್ತರಿಸಿರಿ."

ಭಾರತ 1992ರ ಏಪ್ರಿಲ್ 1ರಂದು ಅನುಮೋದಿಸಿತು. ಉತ್ತರಿಸಿದ್ದು ಒಂದೇ ಪ್ರಶ್ನೆ: 8ನೆಯ ವಿಧಿ. ಅದೇನು ಕೇಳುತ್ತದೆ? ಇಡೀ ದೇಶವನ್ನು ಪ್ರತಿನಿಧಿಸುವಂತೆ, ದುಡಿಯುವ ಜನ ಎಷ್ಟು, ಯಾವ ಯಾವ ಕಸುಬಿನಲ್ಲಿ ಹಂಚಿಕೊಂಡಿದ್ದಾರೆ ಎಂಬ ಲೆಕ್ಕ. ಅಂದರೆ ಜನಗಣತಿ. 1872ರಿಂದ ನಾವು ಮಾಡುತ್ತಲೇ ಬಂದದ್ದು! ಉತ್ತರ ಮೊದಲೇ ಬರೆದಿಟ್ಟುಕೊಂಡ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ಆಯ್ದುಕೊಂಡಂತೆ. ಅದರ ಪಕ್ಕದ ಪ್ರಶ್ನೆಯೇ 9ನೆಯ ವಿಧಿ: ಸರಾಸರಿ ಗಳಿಕೆ ಮತ್ತು ದುಡಿಮೆಯ ತಾಸು. ಅದನ್ನು ಬಿಟ್ಟೆವು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದರೆ ಅತಿಶಯೋಕ್ತಿ. ಆದರೆ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಅನುಮೋದನೆಗೆ ಹದಿಮೂರು ತಿಂಗಳ ಮೊದಲು ಗುತ್ತಲದ ಓಣಿಯಲ್ಲಿ ಚೀಲ ಹೊತ್ತು ಅಲೆದ ನಾನು, ನನಗೆ ತಿಳಿಯದೆಯೇ, ಭಾರತ ಜಿನೀವಾಕ್ಕೆ ಕೊಡಲಿದ್ದ ಆ ಒಂದು ಉತ್ತರವನ್ನು ಬರೆಯುತ್ತಿದ್ದೆ. ಆ ತಾಯಿ ಕೇಳಿದ್ದು ನಾವು ಬಿಟ್ಟ ಪ್ರಶ್ನೆಯನ್ನು.

ಸರ್ಕಾರ ಒಡಂಬಡಿಕೆಯನ್ನು ಪಾಲಿಸಲಿಲ್ಲವೇ? ಪಾಲಿಸಿತು. ಒಪ್ಪಿಕೊಂಡಷ್ಟನ್ನು ಪಾಲಿಸಿತು. ಇಲ್ಲಿ ನಾನು ಸರ್ಕಾರವನ್ನು ಪೂರ್ತಿ ದೂಷಿಸಲಾರೆ. ಒಂಬತ್ತಕ್ಕೂ ಸಹಿ ಹಾಕಿ, ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಹಾಜರಿ ಪುಸ್ತಕ ತುಂಬುವ ಶಿಕ್ಷಕರಂತೆ ಅಂಕಿ ತುಂಬುವುದಕ್ಕಿಂತ, ಮಾಡಬಲ್ಲದ್ದಕ್ಕೆ ಮಾತ್ರ ಸಹಿ ಹಾಕುವುದು ಪ್ರಾಮಾಣಿಕತೆಯೇ. ಗಳಿಕೆಯ ಅಂಕಿಗಳು ನಮ್ಮಲ್ಲಿ ಇರಲೇ ಇಲ್ಲವೆಂದೂ ಅಲ್ಲ. 1959ರಿಂದ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಕಾರ್ಖಾನೆಯ ಗೋಡೆಯೊಳಗಿನ ಲೆಕ್ಕ ತೆಗೆಯುತ್ತಿತ್ತು. 1986–87ರಿಂದ 20 ರಾಜ್ಯಗಳ 600 ಮಾದರಿ ಹಳ್ಳಿಗಳಿಂದ ಗ್ರಾಮೀಣ ಕೂಲಿಯ ದರಗಳು ಲೇಬರ್ ಬ್ಯೂರೊಗೆ ಹೋಗುತ್ತಿದ್ದವು. ಆದರೆ ದರ, ಮತ್ತೆ ದರ. 1884ರ ಗೆಜೆಟಿಯರ್‌ನಂತೆಯೇ ಊರಿನಲ್ಲಿ ನಡೆಯುವ ದರ. ಇನ್ನು ಕಾರ್ಮಿಕ ಕಾಯ್ದೆಗಳಡಿ ಮಾಲೀಕರು ಕಳಿಸಬೇಕಾದ ವಾರ್ಷಿಕ ತಃಖ್ತೆಗಳ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ: ಕಳಿಸಿದವರು ಕಳಿಸಿದರು, ಬಿಟ್ಟವರು ಬಿಟ್ಟರು. ಸಿ. ರಂಗರಾಜನ್ ಅಧ್ಯಕ್ಷತೆಯ ರಾಷ್ಟ್ರೀಯ ಸಾಂಖ್ಯಿಕ ಆಯೋಗ 2001ರ ತನ್ನ ವರದಿಯಲ್ಲಿ ಈ ಬಗೆಯ ಆಡಳಿತಾತ್ಮಕ ಅಂಕಿಅಂಶಗಳ ಕುಸಿತವನ್ನು ಕಟುವಾಗಿಯೇ ವಿಮರ್ಶಿಸಿತು.

ನನ್ನ ತಕರಾರು ಬೇರೆ. ಯಾವ ಪ್ರಶ್ನೆ ಸುಲಭವೋ ಅದನ್ನು ಮೊದಲು ಬರೆಯಿರಿ ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಸಮಯ ಉಳಿದಾಗ ಕಷ್ಟದ್ದಕ್ಕೆ ತಿರುಗಿ ಬನ್ನಿರಿ ಎಂದೂ ಹೇಳುತ್ತಿದ್ದೆ. ಈ ಒಡಂಬಡಿಕೆಯಲ್ಲಿ ಅದಕ್ಕೂ ಅವಕಾಶವಿದೆ: ಬಿಟ್ಟ ವಿಧಿಗಳ ವಿಷಯದಲ್ಲಿ ತನ್ನ ಕಾನೂನು ಮತ್ತು ರೂಢಿ ಎಲ್ಲಿಗೆ ಬಂದಿದೆ ಎಂದು ಸದಸ್ಯ ದೇಶ ತನ್ನ ವರದಿಯಲ್ಲಿ ಹೇಳಬೇಕು, ಮುಂದೆ ಬೇಕಾದಾಗ ಅವನ್ನೂ ಒಪ್ಪಿಕೊಳ್ಳಬಹುದು.

ತಿರುಗಿ ಬರುವ ಹೆಜ್ಜೆಯ ಸದ್ದು ಕೇಳಿಸಿದ್ದು 2017ರಲ್ಲಿ. ಆ ವರ್ಷ ಆರಂಭವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ, ಹಿಂದಿನ ವಾರದ ಪ್ರತಿಯೊಂದು ದಿನ ನಿಜವಾಗಿ ಎಷ್ಟು ತಾಸು ದುಡಿದಿರಿ ಎಂದು ಮನೆಮನೆಗೆ ಹೋಗಿ ಕೇಳತೊಡಗಿದರು. ಸಂಬಳದಾರ, ದಿನಗೂಲಿಯವ, ಸ್ವಂತ ಕಸುಬಿನವ ಎಲ್ಲರ ಗಳಿಕೆಯನ್ನೂ ಕೇಳುತ್ತಾರೆ. ಅರ್ಧದಿನ, ಪೂರ್ಣದಿನದ ಮರೆಯಲ್ಲಿ ನಾಲ್ಕೂವರೆ ದಶಕ ಅಡಗಿದ್ದ ತಾಸು ಹೊರಗೆ ಬಂತು. ಜಿನೀವಾ ಕೇಳಿದ್ದು 1938ರಲ್ಲಿ ಎಂಬುದನ್ನು ಮರೆಯದಿದ್ದರೆ, ತಡವಾಯಿತು, ಆದರೂ ಒಳ್ಳೆಯದಾಯಿತು. 2023ರಲ್ಲಿ ನಮ್ಮ ರಾಜ್ಯ, ವಾರಕ್ಕೆ 48ರ ಮಿತಿಯನ್ನು ಉಳಿಸಿಕೊಂಡೇ, ದಿನಕ್ಕೆ 12 ತಾಸಿನವರೆಗೆ ದುಡಿಸಬಹುದೆಂದು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಾಗ ಪರ ವಿರೋಧ ಎರಡೂ ಕಡೆ ಬಿಸಿ ಚರ್ಚೆ ನಡೆಯಿತು. ಅಂಥ ಚರ್ಚೆಯಲ್ಲಿ ಈಗ ಎಷ್ಟು ದುಡಿಯುತ್ತಿದ್ದಾರೆ ಎಂಬ ಅಂಕಿ ಮೊದಲು ಮೇಜಿನ ಮೇಲೆ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯೇ ಅಲ್ಲದ ಪಡಸಾಲೆಗೆ ಆ ಕಾಯ್ದೆಯಲ್ಲಿ ಜಾಗವಿರಲಿಲ್ಲ ಎಂಬುದು ಬೇರೆ ಮಾತು.

ಮತ್ತೆ ಆ ಮನೆಗೆ ಬರುತ್ತೇನೆ. ಕಾಲಂ ಇಲ್ಲವೆಂದು ಹೇಳಿ ಎದ್ದೆನಲ್ಲವೇ? ಹೊಸ್ತಿಲು ದಾಟುವಾಗ ಮನಸ್ಸು ತಡೆಯದೆ, "ಹಂಗಾರ ಹೇಳವ್ವ, ಎಷ್ಟು ತಾಸು?" ಎಂದೆ. ಆಕೆಯ ಮನೆಯಲ್ಲಿ ಗಡಿಯಾರವಿರಲಿಲ್ಲ. "ರೊಟ್ಟಿ ಬಡದು, ಹಾವೇರಿ ಮೊದಲನೇ ಬಸ್ಸು ಹೋಗೂದರಾಗ ಕುಂದರತೀನ್ರಿ. ರಾತ್ರಿ ರೇಡಿಯೋದಾಗ ವಾರ್ತಾ ಮುಗದ ಮ್ಯಾಲ ಏಳತೀನಿ" ಎಂದಳು. ನೀರು ತರುವುದು, ಊಟ, ಕೂಸಿಗೆ ಹಾಲು ಎಲ್ಲ ಕಳೆದು ಲೆಕ್ಕ ಹಾಕಿದೆ. ಸುಮಾರು 11 ತಾಸು. ಕೈಪಿಡಿಯ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡೆ.

"ಮಗಳೂ ಕುಂದರತಾಳ್ರಿ, ಅಕಿದು ಬ್ಯಾರೆ" ಎಂದಳು.

ಆಗಲೇ ನಾನು ರಾಶಿಯ ಆಚೆಗೆ ಗೋಡೆಗೆ ಒರಗಿ ತಲೆ ತಗ್ಗಿಸಿ ಕುಳಿತಿದ್ದ ಹುಡುಗಿಯನ್ನು ನೋಡಿದ್ದು. ನಮ್ಮದೇ ಶಾಲೆಯ ಎಂಟನೆಯ ತರಗತಿಯವಳು. ಹಿಂದಿನ ವಾರವಷ್ಟೇ, ಪದೇ ಪದೇ ಗೈರುಹಾಜರಾಗುತ್ತೀಯೆಂದು ಇಡೀ ತರಗತಿಯ ಮುಂದೆ ಅವಳನ್ನು ಬೈದು ನಿಲ್ಲಿಸಿದ್ದೆ. ಆಗಲೂ ಅವಳು ಏನೂ ಹೇಳಿರಲಿಲ್ಲ. ಮರುದಿನ ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆಗೆದೆ. ಜನವರಿಯಿಂದ ಅವಳ ಹೆಸರಿನ ಮುಂದೆ ನಾನೇ ನನ್ನ ಕೈಯಾರೆ ಕೆಂಪು ಶಾಯಿಯಲ್ಲಿ ಹಾಕಿದ್ದ ಗೈರುಹಾಜರಿಯ ಗುರುತುಗಳನ್ನು ಎಣಿಸಿದೆ. ಹದಿನೇಳು ಇದ್ದವು.